ಪದ್ಮಿನಿಯ ಫ್ಲೋರ್ ಮನೆಯಲ್ಲೇ ಬದಲಾಯಿಸಿದೆ: ನನ್ನ ಅನುಭವ

ನನ್ನ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಫ್ಲೋರ್ ತುಕ್ಕು ಹಿಡಿದಾಗ, ಅದನ್ನು ಪೂರ್ತಿ ಕತ್ತರಿಸಿದರೆ ಬಾಡಿ ಬಾಗುತ್ತದೆ, ಆಮೇಲೆ ಬಾಗಿಲು ಕೂರಲ್ಲ, ಸುಮ್ನೆ ಗುಜರಿಗೆ ಹಾಕಿ ಅಂತ ಹೇಳಿದವರೇ ಜಾಸ್ತಿ. ಆದರೂ ನಾನೇ ಕತ್ತರಿಸಿ ಹೊಸದು ಹಾಕಿದೆ. ಅದಾಗಿ ಎರಡು ಮಳೆಗಾಲ ಕಳೆದಿದೆ, ಅದೂ ಉಡುಪಿಯ ಮಳೆ. ನಾಲ್ಕೂ ಬಾಗಿಲು ಮೊದಲಿಗಿಂತ ಚೆನ್ನಾಗಿ ಕೂರುತ್ತಿವೆ.

ನಾನು ಕೈ ಹಾಕುವ ಮೊದಲು ಒಬ್ಬ ಟಿಂಕರ್ ತುಕ್ಕಿನ ಮೇಲೆಯೇ ತಗಡು ಇಟ್ಟು, ಗ್ಯಾಸ್ ವೆಲ್ಡಿಂಗ್ ಮಾಡಿ, ಡಾಂಬರು ಬಳಿದು ಕೊಟ್ಟಿದ್ದ. ಸುಮಾರು ಆರು ಸಾವಿರ ಹೋಯಿತು. ಒಂದೇ ಮಳೆಗಾಲದಲ್ಲಿ ಅಂಚು ಮತ್ತೆ ಪುಡಿಯಾಯಿತು. ಆಮೇಲೆ ಹಾಕಿಸಿದ ಫೈಬರ್ ಮ್ಯಾಟಿನ ಅಡಿಯಲ್ಲಿ ನೀರು ನಿಂತು ಇನ್ನೂ ಕೆಟ್ಟಿತು. ಇನ್ನೊಂದು ಗ್ಯಾರೇಜಿನವರು 45 ಸಾವಿರ ಕೇಳಿದರು, ಗ್ಯಾರಂಟಿ ಮಾತ್ರ ಇಲ್ಲ ಅಂದರು.

ಪದ್ಮಿನಿಗೆ ಬೇರೆ ಚಾಸಿ, ಅಂದರೆ ಬಾಡಿಯ ಅಡಿಯಲ್ಲಿ ಭಾರ ಹೊರುವ ಚೌಕಟ್ಟು, ಇಲ್ಲ. ಭಾರ ಹೊರುವುದರಲ್ಲಿ ಫ್ಲೋರಿಗೂ ಪಾಲಿದೆ. ಹಾಗಾಗಿ ತಗಡು ಕತ್ತರಿಸುವ ಗ್ರೈಂಡರ್ ಮುಟ್ಟುವ ಮೊದಲು ಪ್ರತಿ ಬಾಗಿಲ ಚೌಕಟ್ಟಿಗೂ ಒಂದು ಇಂಚಿನ ಚೌಕ ಪೈಪನ್ನು ಮೂಲೆಯಿಂದ ಮೂಲೆಗೆ ಟ್ಯಾಕ್ ಮಾಡಿದೆ, ಅಂದರೆ ಚುಕ್ಕಿ ಬೆಸುಗೆಯಲ್ಲಿ ತಾತ್ಕಾಲಿಕವಾಗಿ ಹಿಡಿಸಿದೆ. ಪೆಟ್ರೋಲ್ ಟ್ಯಾಂಕ್, ಪೈಪು, ಬ್ರೇಕ್ ಲೈನ್ ಎಲ್ಲ ಹೊರಗೆ. ಡ್ರೈವರ್ ಕಡೆಯದು ಪೂರ್ತಿ ಮುಗಿಯುವ ತನಕ ಎಡಗಡೆಗೆ ಕೈ ಹಾಕಲಿಲ್ಲ. ಬಾಡಿ ಬಾಗದೆ ಉಳಿದದ್ದು ಇದರಿಂದಲೇ. ತುಕ್ಕು ಕಂಡಲ್ಲಿಂದ ನಾಲ್ಕು ಬೆರಳು ಆಚೆಗೆ, ಸ್ಕ್ರೂಡ್ರೈವರಿನಲ್ಲಿ ಚುಚ್ಚಿದರೆ ಟಣ್ ಅನ್ನುವಲ್ಲಿಗೆ ಕತ್ತರಿಸಿದೆ.

ತುಕ್ಕು ಹಿಡಿಯಲ್ಲ ಅಂತ ಒಂದು ತುಂಡು ಜಿಐ (ಸತು ಲೇಪಿಸಿದ) ಶೀಟ್ ಬೆಸೆದು ನೋಡಿದೆ. ಬರೀ ಬಿಳಿ ಹೊಗೆ, ಬೆಸುಗೆ ತುಂಬಾ ಗುಳ್ಳೆ. ಬಿಟ್ಟೆ. 18 ಗೇಜಿನ (ಸುಮಾರು 1.2 ಮಿ.ಮೀ. ದಪ್ಪದ) ಸಿಆರ್ ಶೀಟ್, ಅಂದರೆ ಲೇಪನವಿಲ್ಲದ ಉಕ್ಕಿನ ತಗಡು ತಂದೆ. 8 ಅಡಿ, 4 ಅಡಿಯ ಇಡೀ ಶೀಟ್ 28 ಕೆಜಿ ಹತ್ತಿರ ತೂಗುತ್ತದೆ, ಆಗ 2,300 ರೂಪಾಯಿ ಆಸುಪಾಸು ಇತ್ತು. ಮಿಗ್ ವೆಲ್ಡಿಂಗಿಗೆ (ವೈರ್ ತಾನೇ ಬರುತ್ತಾ, ಗ್ಯಾಸಿನ ರಕ್ಷಣೆಯಲ್ಲಿ ಬೆಸೆಯುವುದು) ಬರೀ ಸಿಒ2 ಗ್ಯಾಸ್ ಹಾಕಿದಾಗ ಹಳೇ ತೆಳು ತಗಡು ತೂತು ಬೀಳುತ್ತಿತ್ತು. ಆರ್ಗಾನ್ ಮಿಕ್ಸ್ ತಂದು, 0.8 ಮಿ.ಮೀ. ವೈರ್ ಹಾಕಿ, ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದ ಮೇಲೆ ಸರಿಹೋಯಿತು. ಒಂದು ಇಂಚು ಬೆಸುಗೆ ಇಲ್ಲಿ, ಮುಂದಿನದು ಎದುರಿನ ಮೂಲೆಯಲ್ಲಿ. ಅಂಗೈ ಇಡಲು ಆಗುವಷ್ಟು ತಣಿದ ಮೇಲೇ ಮತ್ತೆ ಶುರು. ಅವಸರ ಮಾಡಿದರೆ ತಗಡು ಉಬ್ಬುತ್ತದೆ, ಆಮೇಲೆ ಎಷ್ಟು ಬಡಿದರೂ ಇಳಿಯಲ್ಲ.

ಚಪ್ಪಟೆ ಶೀಟ್ ಹಾಗೇ ಹಾಕಿದರೆ ಓಡುವಾಗ ಡಬಡಬ ಅನ್ನುತ್ತದೆ. ಅದಕ್ಕೆ ಉದ್ದುದ್ದ ಏಣು ಬೇಕು. ಮರದ ಅಚ್ಚಿನ ಮೇಲಿಟ್ಟು ಸುತ್ತಿಗೆಯಲ್ಲೇ ತಟ್ಟಿದೆ. ಕಂಪನಿಯದ್ದೇ ಅಂದುಕೊಂಡವರಿದ್ದಾರೆ! ಅಚ್ಚಿನ ಅಳತೆ ಮಾತ್ರ ಕೇಳಬೇಡಿ, ಬಹಳ ತಗಡು ಹಾಳು ಮಾಡಿ ಕಲಿತದ್ದು.

ನಡುವೆ ಸೀಟು ಹಿಂದೆ ಮುಂದೆ ಜಾರುವ ರೈಲುಗಳನ್ನು ಕಾಕಂಬಿ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ) ನೀರಲ್ಲಿ ನೆನೆಹಾಕಿದ್ದೆ. ಒಂದು ಪಾಲು ಕಾಕಂಬಿ, ಎಂಟು ಹತ್ತು ಪಾಲು ನೀರು, ಎರಡು ವಾರ. ವಾಸನೆಗೆ ಮನೆಯವರು ಬೈದರು, ಆದರೆ ತುಕ್ಕು ಪೂರ್ತಿ ಬಿಟ್ಟಿತ್ತು. ಅಲ್ಯೂಮಿನಿಯಂ ಮಾತ್ರ ಅದರಲ್ಲಿ ಹಾಕಬೇಡಿ.

ವೆಲ್ಡಿಂಗ್ ಸೆಟ್ಟಿಗೆ 14 ಸಾವಿರ, ಶೀಟ್, ಗ್ಯಾಸ್, ಜಿಂಕ್ ಪ್ರೈಮರ್, ಸೀಲರ್ ಎಲ್ಲ ಸೇರಿ ಇನ್ನೊಂದು ಒಂಬತ್ತು ಸಾವಿರ. ಸೆಟ್ ಮನೆಯಲ್ಲೇ ಉಳಿಯಿತು, ಅಲ್ವಾ? ಮುಂದಿನ ಗ್ಲಾಸಿನ ಸುತ್ತಲಿನ ರಬ್ಬರ್ ಬೀಡಿಂಗನ್ನೂ ಆಗಲೇ ಬದಲಾಯಿಸಿದೆ. ಕಾಲಡಿಯ ಮ್ಯಾಟಿಗೆ ನೀರು ಇಳಿಯುತ್ತಿದ್ದದ್ದು ಅಲ್ಲಿಂದಲೇ.