ಮೊದಲು ಕೋನ್, ಆಮೇಲೆ ಕಿಟ್

ಹುಮನಾಬಾದ್‌ನಿಂದ ಕಮಲಾಪುರ ದಾಟಿ ಕಲಬುರಗಿಗೆ ಬರುವ ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ನಾನು ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ಸ್ಥಳದಲ್ಲೇ ತುರ್ತು ಚಿಕಿತ್ಸೆ ಕೊಡುವವನು. ನನ್ನ ಜೋಡಿ ಗಾಡಿ ಓಡಿಸುವವರನ್ನು ನಮ್ಮಲ್ಲಿ ಪೈಲಟ್ ಅಂತ ಕರೆಯುತ್ತೇವೆ. ವಯಸ್ಸಿನಲ್ಲಿ ಹಿರಿಯರು, ನನಗೆ ಕಾಕಾ. ನಾನು ಇವತ್ತು ಬದುಕಿರುವುದು ಅವರಿಂದ.

ಕೆಲಸಕ್ಕೆ ಸೇರಿದ ಹೊಸದು. ಕಬ್ಬಿನ ಹಂಗಾಮು, ಕಿಣ್ಣಿ ಸಡಕ್ ಕಡೆಗೆ ರಾತ್ರಿ ಎರಡು ಟ್ರೇಲರ್ ಕಟ್ಟಿದ್ದ ಟ್ರ್ಯಾಕ್ಟರ್‌ಗೆ ಹಿಂದಿನಿಂದ ಬೈಕ್ ಬಡಿದಿತ್ತು. ಟ್ರೇಲರ್‌ಗೆ ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ನರಳುವ ದನಿ ಕೇಳಿದ್ದೇ ತಡ, ಕಿಟ್ ಹಿಡಿದು ಓಡಿದೆ. ಬೈಕಿನವನ ಪಕ್ಕ ಮೊಣಕಾಲೂರಿದ್ದೆ. ಕಾಕಾ ನನ್ನ ಕಾಲರ್ ಹಿಡಿದು ಎಳೆದರು. ಲಾರಿಯೊಂದು ನನ್ನ ಕಿಟ್ ಮೇಲೆ ಹಾದು ಟ್ರೇಲರ್‌ಗೆ ಗುದ್ದಿತು. ಮಲಗಿದ್ದವನ ಕಾಲಿಗೂ ಅದರ ಗಾಲಿಗೂ ನಡುವೆ ಒಂದು ಮೊಳ ಜಾಗ.

ಎಂಬತ್ತರ ವೇಗದಲ್ಲಿ ಬರುವ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ನೋಡಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 30 ಮೀಟರ್ ಮುಗಿದಿರುತ್ತದೆ. ಮಾಲು ತುಂಬಿದ ಲಾರಿ ನಿಲ್ಲುವುದು ಆಮೇಲಿನ ಮಾತು. ಹಾಗಾಗಿ ಅಂದಿನಿಂದ ನಮ್ಮ ಗಾಡಿ ಅಪಘಾತದ ಹಿಂದೆ, ಗಾಡಿಗಳು ಬರುವ ಕಡೆಗೆ, ಓರೆಯಾಗಿ ನಿಲ್ಲುತ್ತದೆ. ಯಾರಾದರೂ ಗುದ್ದಿದರೂ ಅದು ನಮ್ಮ ಮೇಲೆ ನುಗ್ಗದಂತೆ ಮುಂದಿನ ಗಾಲಿ ತಿರುಗಿರುತ್ತದೆ. ಕಾಕಾ ಗಾಡಿಗಳನ್ನು ಎಚ್ಚರಿಸುವ ಕೋನ್ ಹೊತ್ತು ಹಿಂದಕ್ಕೆ ನಡೆಯುತ್ತಾರೆ, ರಾತ್ರಿಯಾದರೆ ನೂರೈವತ್ತು ಹೆಜ್ಜೆ. ಅವರ ಟಾರ್ಚ್ ಆಡಿದ ಮೇಲೆಯೇ ನಾನು ಇಳಿಯುವುದು. ಗಾಯಾಳು ಕೂಗುತ್ತಿರುವಾಗ ಅಷ್ಟು ಹೊತ್ತು ಕೂತಿರುವುದು ಬಹಳ ಕಷ್ಟ. ಕಲಿತೆ.

2022ರ ಜೂನ್‌ನಲ್ಲಿ ಕಮಲಾಪುರದ ಹತ್ತಿರ, ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡಿತು. ಒಳಗಿದ್ದವರು ಹಲವರು ಸುಟ್ಟುಹೋದರು. ಆ ಸುದ್ದಿ ಈ ರಸ್ತೆಯಲ್ಲಿ ದುಡಿಯುವ ಯಾರನ್ನೂ ಬಿಟ್ಟುಹೋಗಲಿಲ್ಲ. ಅದಾದ ಮೇಲೆ ಅಗ್ನಿಶಾಮಕದವರು, ಪೊಲೀಸರು, ಟೋಲ್‌ನ ಗಸ್ತು ಗಾಡಿಯ ಹುಡುಗರು, ಕ್ರೇನ್ ಆಪರೇಟರ್ ಭಾಯ್ ಮತ್ತು ನಾವು ಒಂದು ಢಾಬಾದಲ್ಲಿ ಚಹಾಕ್ಕೆ ಕೂತೆವು. ಅದುವರೆಗೆ ಸ್ಥಳದಲ್ಲಿ ನಾವೆಲ್ಲ ಒಬ್ಬರ ಮೇಲೊಬ್ಬರು ಕೂಗುತ್ತಿದ್ದೆವು. ಪೊಲೀಸರಿಗೆ ರಸ್ತೆ ತೆರೆಯಬೇಕು, ಭಾಯ್‌ಗೆ ಗಾಡಿ ಎತ್ತಬೇಕು, ನನಗೆ ಮನುಷ್ಯ ಬೇಕು. ಅವತ್ತು ತೀರ್ಮಾನಿಸಿದ್ದು ಇಷ್ಟೇ: ಬೆಂಕಿಯ ಭಯ ಇರುವವರೆಗೆ ಅಗ್ನಿಶಾಮಕದ ಸಾಹೇಬರ ಮಾತು. ಅದು ತೀರಿದ ಮೇಲೆ, ಒಳಗೆ ಸಿಕ್ಕಿಕೊಂಡವರ ತಲೆ, ಕುತ್ತಿಗೆ ಅಲುಗದಂತೆ ಹಿಡಿದವನ ಮಾತು. ಅವನು ‘ನಿಂದ್ರಿ’ ಅಂದರೆ ಕ್ರೇನ್ ಕೂಡ ನಿಲ್ಲಬೇಕು.

ಇದರ ಬೆಲೆ ತಿಳಿದದ್ದು ಗಾಣಗಾಪುರದ ದರ್ಶನ ಮುಗಿಸಿ ಬರುತ್ತಿದ್ದ ಕ್ರೂಸರ್, ಬದಿಗೆ ನಿಂತಿದ್ದ ಲಾರಿಗೆ ನುಗ್ಗಿದ ರಾತ್ರಿ. ಹದಿಮೂರು ಜನ. ನಾನು ಹೋಗುವಾಗ ಊರವರು ಕ್ರೂಸರ್‌ಗೆ ಸರಪಳಿ ಹಾಕಿ ಟ್ರ್ಯಾಕ್ಟರ್‌ನಿಂದ ಎಳೆಯಲು ಸಜ್ಜಾಗಿದ್ದರು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಕುತ್ತಿಗೆಯ ಎಲುಬು ಮುರಿದಿದ್ದವನನ್ನು ಆ ಒಂದು ಎಳೆತ ಜೀವನವಿಡೀ ಮಲಗಿಸಬಹುದು. ‘ಮಾಮಾ, ಸರಪಳಿ ಬಿಡ್ರಿ, ನೀವು ಇಲ್ಲಿ ಟಾರ್ಚ್ ಹಿಡೀರಿ’ ಅಂದೆ. ಕೈಗೊಂದು ಕೆಲಸ ಕೊಟ್ಟರೆ ಜನ ಸರಿಯುತ್ತಾರೆ. ಬರೀ ‘ಸರೀರಿ’ ಅಂದರೆ ಸರಿಯುವುದಿಲ್ಲ.

‘ನಡೀಲಿಕ್ಕೆ ಬರೋರು ಢಾಬಾದ ದೀಪದ ಕಡೆ ಹೋಗ್ರಿ’ ಅಂತ ಕನ್ನಡದಲ್ಲೂ ಹಿಂದಿಯಲ್ಲೂ ಕೂಗಿದೆ. ಈ ರಸ್ತೆಗೆ ಮರಾಠಿ, ತೆಲುಗೂ ಬೇಕು. ಆರು ಜನ ಎದ್ದು ಹೋದರು. ಅವರಿಗೆ ಹಸಿರು ಪಟ್ಟಿ, ಅಂದರೆ ಕಾಯಬಲ್ಲವರು. ಉಳಿದವರಲ್ಲಿ ಕೂಗುವವರು ಉಸಿರಾಡುತ್ತಿದ್ದಾರೆ ಅಂತ ಅರ್ಥ, ಹಾಗಾಗಿ ಮೊದಲು ಸುಮ್ಮನಿದ್ದವರ ಹತ್ತಿರ ಹೋಗಬೇಕು. ನಿಮಿಷಕ್ಕೆ ಉಸಿರು 30 ದಾಟಿದೆಯೇ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆಯೇ, ಹೇಳಿದ ಮಾತಿಗೆ ಕೈ ಹಿಸುಕುತ್ತಾರೆಯೇ. ಈ ಮೂರರಲ್ಲಿ ಒಂದು ತಪ್ಪಿದರೂ ಕೆಂಪು, ಅಂದರೆ ಮೊದಲು ಸಾಗಿಸಬೇಕಾದವರು. ಒಬ್ಬ ಅಜ್ಜಿಗೆ ಬಾಯಿ ತೆರೆದು ಉಸಿರಿನ ದಾರಿ ಸರಿಮಾಡಿದರೂ ಉಸಿರು ಬರಲಿಲ್ಲ. ಇನ್ನು ಉಳಿಸಲಾಗದವರಿಗೆ ಕಟ್ಟುವ ಕಪ್ಪು ಪಟ್ಟಿ ಕಟ್ಟಿ ಮುಂದೆ ಹೋದೆ. ಅವರ ಮಗಳು ನೋಡುತ್ತಿದ್ದಳು.

ಚಾಲಕ ಹುಡುಗನ ತೊಡೆಗಳು ಡ್ಯಾಶ್‌ಬೋರ್ಡ್ ಕೆಳಗೆ. ಡೀಸೆಲ್ ಸೋರುತ್ತಿತ್ತು. ಭಾಯ್ ಹತ್ತಿರ ಗ್ಯಾಸ್ ಕಟರ್ ಇತ್ತು. ಅದರ ಕಿಡಿ ಅಲ್ಲಿ ಬೇಡ ಅಂದರು ಅಗ್ನಿಶಾಮಕದ ಸಾಹೇಬರು. ಬ್ಯಾಟರಿ ತಂತಿ ಬಿಚ್ಚಿಸಿದರು, ಗಾಲಿಗೆ ಕಟ್ಟಿಗೆ ಕೊಟ್ಟರು, ಆಮೇಲೆ ನಜ್ಜಾದ ಲೋಹವನ್ನು ಕಿಡಿಯಿಲ್ಲದೆ ಅಗಲಿಸುವ ಹೈಡ್ರಾಲಿಕ್ ಸ್ಪ್ರೆಡರ್ ತಂದರು. ನಾನು ಹಿಂದಿನ ಸೀಟಿನಿಂದ ಅವನ ತಲೆ ಎರಡೂ ಕೈಯಲ್ಲಿ ಹಿಡಿದಿದ್ದೆ. ಒಂದು ತಾಸು ಒತ್ತಿ ಹಿಡಿದಿದ್ದ ಭಾರವನ್ನು ಒಮ್ಮೆಲೇ ತೆಗೆದರೆ, ನಜ್ಜಾದ ಮಾಂಸಖಂಡದಲ್ಲಿ ಕಟ್ಟಿಕೊಂಡ ಪೊಟ್ಯಾಸಿಯಂ ರಕ್ತಕ್ಕೆ ಇಳಿದು ಹೃದಯವೇ ನಿಲ್ಲಬಹುದು. ರಕ್ತಸ್ರಾವವೂ ಶುರುವಾಗಬಹುದು. ಅದಕ್ಕೆ ಮೊದಲು ಸಲೈನ್ ಓಡಬೇಕು, ತೊಡೆಗೆ ರಕ್ತ ತಡೆಯುವ ಬಿಗಿ ಪಟ್ಟಿ, ಟೂರ್ನಿಕೆ, ಸಿದ್ಧವಿರಬೇಕು. ‘ನಿಂದ್ರಿ’ ಅಂದೆ. ಸ್ಪ್ರೆಡರ್ ನಿಂತಿತು. ತಲೆಯನ್ನು ಗಸ್ತು ಹುಡುಗನಿಗೆ ಹಿಡಿಯಲು ಕೊಟ್ಟು ಸೂಜಿ ಹಾಕಿ, ಬಾಟಲಿಯನ್ನು ಮಾಮಾ ಕೈಗೆ ಕೊಟ್ಟು, ‘ಹೂಂ, ಸಾವಕಾಶ’ ಅಂದೆ. ಗಾಯಾಳುವಿಗೆ ಯಾರೂ ನೀರು ಕುಡಿಸದಂತೆ ಢಾಬಾದ ತಮ್ಮ ಕಾಯುತ್ತಿದ್ದ. ಅಷ್ಟು ದಿನ ಹೇಳಿಕೊಟ್ಟದ್ದು ಸಾರ್ಥಕವಾಯಿತು.

ಇಂಥ ಹುಡುಗರಿಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸ್ ಬರುವುದಿಲ್ಲ, ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಫೋನ್ ಮಾಡುವಾಗ ಕಿ.ಮೀ. ಕಲ್ಲಿನ ಅಂಕಿ ಓದಿ ಹೇಳಿದರೆ ಸಾಕು.

ಟ್ಯಾಂಕರ್ ಮಾತ್ರ ಬೇರೆ ವಿಷಯ. ಅಲ್ಲಿ ಯಾರೂ ಹತ್ತಿರ ಹೋಗಬಾರದು, ನಾನೂ ಹೋಗುವುದಿಲ್ಲ. ದೂರದಿಂದ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಒಳಗೇನಿದೆ ಎಂದು ಹೇಳುವ ಹಿಂದಿನ ಅಪಾಯ ಫಲಕದ ಸಂಖ್ಯೆ ಓದುತ್ತೇನೆ. 1203 ಅಂದರೆ ಪೆಟ್ರೋಲ್, 1075 ಅಂದರೆ ಎಲ್‌ಪಿಜಿ. ಎಲ್‌ಪಿಜಿ ಗಾಳಿಗಿಂತ ಭಾರ. ತಗ್ಗಿನ ಹೊಲಕ್ಕೆ, ಮೋರಿಗೆ ಇಳಿದು ಕೂರುತ್ತದೆ. ಗಾಳಿ ನಮ್ಮ ಬೆನ್ನ ಹಿಂದಿನಿಂದ ಟ್ಯಾಂಕರ್ ಕಡೆಗೆ ಬೀಸುತ್ತಿದ್ದರೆ ಮಾತ್ರ ನಿಲ್ಲುವುದು. ಟ್ಯಾಂಕರ್‌ಗೇ ಬೆಂಕಿ ತಗುಲಿದ್ದರೆ 1,600 ಮೀಟರ್ ಸುತ್ತ ಜನ ಇರಬಾರದು.

ಆ ರಾತ್ರಿ ಕ್ರೂಸರ್‌ನ ಚಾಲಕ ಹುಡುಗನನ್ನು ಇನ್ನೊಂದು ಆಂಬುಲೆನ್ಸ್‌ನಲ್ಲಿ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಮುಟ್ಟಿಸಿ, ಉಳಿದ ಸಾಮಾನಿಗೆ ಹೊಳ್ಳಿ ಬಂದಾಗ ಬೆಳಗಾಗುತ್ತಿತ್ತು. ಭಾಯ್ ಕ್ರೂಸರ್ ಎತ್ತಿದ್ದ. ಊರವರು ಡೀಸೆಲ್ ಚೆಲ್ಲಿದ ಕಡೆ ಬುಟ್ಟಿಯಲ್ಲಿ ಮಣ್ಣು ಹಾಕುತ್ತಿದ್ದರು, ಮುಂಜಾನೆ ಹಾಲಿನ ಬೈಕ್‌ಗಳು ಜಾರಬಾರದೆಂದು. ಕಾಕಾ ಇನ್ನೂ ಆ ನೂರೈವತ್ತನೆಯ ಹೆಜ್ಜೆಯಲ್ಲೇ ಇದ್ದರು. ಬೇರೆ ಗಸ್ತು ಹುಡುಗ ಬಂದು ನಿಂತಿದ್ದರೂ ಅವರು ಜಾಗ ಬಿಟ್ಟಿರಲಿಲ್ಲ. ರಸ್ತೆ ಪೂರ್ತಿ ಖಾಲಿಯಾದ ಮೇಲೆಯೇ ಕೊನೆಯ ಕೋನ್ ಎತ್ತಿದರು.