ಟ್ರಯಲ್‌ನಲ್ಲಿ ಡ್ರಗ್ ಇಂಟರಾಕ್ಷನ್ ಹಿಡಿಯಲು ರೆಡ್‌ಕ್ಯಾಪ್ ಫಾರ್ಮ್: ನಾನು ಮಾಡಿದ ಬಗೆ

ಎರಡು ಔಷಧದ ಹೆಸರು ಕೊಟ್ಟರೆ ಒಟ್ಟಿಗೆ ಕೊಡಬಹುದೋ ಬಾರದೋ ಹೇಳುವ ಇಂಟರಾಕ್ಷನ್ ಚೆಕರ್‌ಗಳು ಬೇಕಾದಷ್ಟಿವೆ. ಟ್ರಯಲ್‌ನಲ್ಲಿ ಅವು ಅರ್ಧ ಕೆಲಸಕ್ಕೂ ಬರುವುದಿಲ್ಲ. ಪರೀಕ್ಷೆಯಲ್ಲಿರುವ ಹೊಸ ಔಷಧಕ್ಕೆ ಬರೀ ಕೋಡ್ ನಂಬರ್ ಇರುವುದರಿಂದ ಅದು ಯಾವ ಚೆಕರ್‌ನಲ್ಲೂ ಸಿಗದು. ಹಾಗಾಗಿ ಪ್ರೋಟೊಕಾಲ್ (ಟ್ರಯಲ್‌ನ ಲಿಖಿತ ಯೋಜನೆ) ಮತ್ತು ಇನ್ವೆಸ್ಟಿಗೇಟರ್ಸ್ ಬ್ರೋಷರ್ (ಹೊಸ ಔಷಧದ ಮಾಹಿತಿ ಕೈಪಿಡಿ) ಮುಂದಿಟ್ಟುಕೊಂಡು ನಿಯಮಗಳ ಕೋಷ್ಟಕವನ್ನು ನಾವೇ ಬರೆಯಬೇಕು. ಇಲ್ಲಿ ಹೇಳುತ್ತಿರುವುದು, ಔಷಧಗಳನ್ನು ಒಡೆಯುವ ಸಿವೈಪಿ3ಎ4 ಎಂಬ ಕಿಣ್ವದ ಮೂಲಕ ದೇಹದಿಂದ ಹೋಗುವ ಮಾತ್ರೆಯ ಟ್ರಯಲ್‌ಗೆ, ಟ್ರಯಲ್ ಮಾಹಿತಿ ದಾಖಲಿಸುವ ತಂತ್ರಾಂಶವಾದ ರೆಡ್‌ಕ್ಯಾಪ್‌ನಲ್ಲಿ ಮಾಡಿಕೊಳ್ಳುವ ಏರ್ಪಾಡು.

ಕೋಷ್ಟಕಕ್ಕೆ ಐದು ಕಾಲಂ: ಔಷಧದ ಮೂಲ ಅಂಶ, ಕೊಡುವ ಮಾರ್ಗ, ನಿಷೇಧವೋ (ಕೆಂಪು) ಎಚ್ಚರಿಕೆಯೋ (ಹಳದಿ), ನಿಲ್ಲಿಸಿ ಎಷ್ಟು ದಿನ ಕಾಯಬೇಕು, ಯಾರಿಗೆ ತಿಳಿಸಬೇಕು. ಈ ಕಿಣ್ವವನ್ನೇ ನೆಚ್ಚಿದ ಸೂಕ್ಷ್ಮ ಔಷಧದ ಎಯುಸಿಯನ್ನು (ರಕ್ತಕ್ಕೆ ಒಟ್ಟು ಸಿಗುವ ಔಷಧದ ಅಳತೆ) 5 ಪಟ್ಟು ಅಥವಾ ಹೆಚ್ಚು ಏರಿಸುವುದು ಪ್ರಬಲ ತಡೆಗಾರ, ಅಂದರೆ ಕಿಣ್ವವನ್ನು ತಡೆಯುವಂಥದ್ದು. ಕ್ಲಾರಿಥ್ರೊಮೈಸಿನ್, ಇಟ್ರಾಕೊನಜೋಲ್, ರಿಟೊನವಿರ್ ಆ ಸಾಲಿನವು. ಅದನ್ನು ಶೇ. 80 ಅಥವಾ ಹೆಚ್ಚು ಇಳಿಸುವುದು ಪ್ರಬಲ ಪ್ರೇರಕ, ಅಂದರೆ ಕಿಣ್ವವನ್ನು ಹೆಚ್ಚಿಸುವಂಥದ್ದು. ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್ ಇಲ್ಲಿ ಬರುತ್ತವೆ.

ನಿಯಮವನ್ನು ಎಟಿಸಿ ಕೋಡ್‌ಗೆ (ವಿಶ್ವ ಆರೋಗ್ಯ ಸಂಸ್ಥೆಯ ಔಷಧ ವರ್ಗೀಕರಣದ ಸಂಖ್ಯೆ) ಕಟ್ಟಬೇಡಿ. ರಿಫಾಂಪಿಸಿನ್ ಒಂದೇ ಇದ್ದರೆ ಕೋಡ್ ಜೆ04ಎಬಿ02. ನಮ್ಮ ಟಿಬಿ ರೋಗಿಗಳು ನುಂಗುವುದು ನಾಲ್ಕು ಔಷಧ ಸೇರಿದ ಮಾತ್ರೆ. ಅದರ ಕೋಡ್ ಜೆ04ಎಎಂ06. ಮೊದಲನೆಯದನ್ನು ಮಾತ್ರ ಹುಡುಕುವ ನಿಯಮ ಎರಡನೆಯದನ್ನು ಸಲೀಸಾಗಿ ಬಿಟ್ಟುಬಿಡುತ್ತದೆ. ಅದಕ್ಕೇ ಔಷಧದ ಫಾರ್ಮ್‌ನಲ್ಲಿ ಬ್ರಾಂಡ್ ಹೆಸರಿಗೆ ಒಂದು ಖಾನೆ, ಅದರ ಕೆಳಗೆ ಮೂಲ ಅಂಶಕ್ಕೆ ನಾಲ್ಕು ಖಾನೆ. ನಾಲ್ಕೂ ಪಟ್ಟಿಯಿಂದ ಆರಿಸುವಂಥವು, ಟೈಪ್ ಮಾಡುವಂಥವಲ್ಲ. ಜೊತೆಗೆ ಸ್ಟ್ರಿಪ್ಪಿನ ಹಿಂಬದಿಯ ಫೋಟೊ ಅಪ್‌ಲೋಡ್ ಕಡ್ಡಾಯ. ಬ್ರಾಂಡ್ ಹೆಸರಿನ ಕೊನೆಗೆ ಒಂದಕ್ಷರ ಸೇರಿದರೂ ಒಳಗಿನ ಔಷಧ ಬೇರೆ ಇರಬಹುದು, ಫೋಟೊ ಇದ್ದರೆ ಫಾರ್ಮಸಿಸ್ಟ್ ಆಮೇಲೆ ನೋಡಿ ಸರಿಪಡಿಸಬಹುದು. ಅಮೆರಿಕದ ಔಷಧ ಹೆಸರುಗಳ ಪಟ್ಟಿಯಾದ ಆರ್‌ಎಕ್ಸ್‌ನಾರ್ಮ್‌ನಲ್ಲಿ ಭಾರತದ ಬ್ರಾಂಡ್‌ಗಳನ್ನು ಹುಡುಕಿ ಪ್ರಯೋಜನವಿಲ್ಲ. ಅದರ ಜೊತೆಗಿದ್ದ ಉಚಿತ ಇಂಟರಾಕ್ಷನ್ ಎಪಿಐ (ನಮ್ಮ ಪ್ರೋಗ್ರಾಂ ಕೇಳಿದರೆ ಉತ್ತರ ಕೊಡುವ ಸೇವೆ) ಕೂಡ 2024ರ ಜನವರಿಯಲ್ಲಿ ನಿಂತಿತು. ಅದನ್ನೇ ನಂಬಿ ಬರೆದ ಹಳೆಯ ಕೋಡ್ ಇದ್ದರೆ ತೆಗೆದುಹಾಕಿ.

ಕಾಯುವ ದಿನಗಳ ಕಾಲಂ ತುಂಬುವಾಗ ಆತುರ ಬೇಡ. 'ಐದು ಅರ್ಧಾಯು' (ಅರ್ಧಾಯು ಅಂದರೆ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯುವ ಸಮಯ) ಎಂಬ ಸೂತ್ರವನ್ನು ಎಲ್ಲದಕ್ಕೂ ಹಾಕಿದರೆ ಮೋಸ ಹೋಗುತ್ತೇವೆ. ಇಟ್ರಾಕೊನಜೋಲ್ ಅನ್ನೇ ನೋಡಿ. ಒಂದೇ ಡೋಸ್ ಕೊಟ್ಟಾಗ ಅರ್ಧಾಯು 16ರಿಂದ 28 ಗಂಟೆ, ಹಾಗೆ ಲೆಕ್ಕ ಹಾಕಿದರೆ ಐದಾರು ದಿನ ಸಾಕು ಅನ್ನಿಸುತ್ತದೆ. ದಿನಾ ತೆಗೆದುಕೊಂಡವರಲ್ಲಿ ಅದು 34ರಿಂದ 42 ಗಂಟೆಗೆ ಏರುತ್ತದೆ, ರಕ್ತದಿಂದ ಪೂರ್ತಿ ಇಳಿಯಲು 7ರಿಂದ 14 ದಿನ ಹಿಡಿಯುತ್ತದೆ. ಕೋಷ್ಟಕದಲ್ಲಿ ನಾನು ಹಾಕುವುದು 14. ರಿಫಾಂಪಿಸಿನ್‌ನದು ಇನ್ನೊಂದು ಬಗೆ: ಔಷಧ ಬೇಗ ಹೋಗುತ್ತದೆ, ಅದು ಹೆಚ್ಚಿಸಿದ ಕಿಣ್ವ ಮೊದಲಿನ ಮಟ್ಟಕ್ಕೆ ಇಳಿಯಲು ಸುಮಾರು ಎರಡು ವಾರ ಬೇಕು.

ದಿನ ಎಣಿಸುವುದಕ್ಕೆ, ಎರಡು ತಾರೀಖಿನ ಅಂತರ ಕೊಡುವ ರೆಡ್‌ಕ್ಯಾಪ್ ಸೂತ್ರ ಡೇಟ್‌ಡಿಫ್. ನಿಲ್ಲಿಸಿದ ತಾರೀಖು ಖಾಲಿ ಇದ್ದರೆ ಉತ್ತರವೂ ಖಾಲಿ, ಎಚ್ಚರಿಕೆ ಏಳುವುದೇ ಇಲ್ಲ. ಅತ್ಯಂತ ಅಪಾಯದ ಪ್ರಸಂಗ ಇದು, ಏಕೆಂದರೆ ರೋಗಿ ಈಗಲೂ ಆ ಮಾತ್ರೆ ನುಂಗುತ್ತಿರಬಹುದು. 'ಈಗಲೂ ಇದೆ / ನಿಲ್ಲಿಸಿದ್ದಾರೆ / ಗೊತ್ತಿಲ್ಲ' ಎಂಬ ಪ್ರತ್ಯೇಕ ಪ್ರಶ್ನೆ ಕಡ್ಡಾಯವಾಗಿರಲಿ. ಮೊದಲನೆಯ ಮತ್ತು ಮೂರನೆಯ ಉತ್ತರಕ್ಕೆ ತಾರೀಖು ನೋಡದೆ ಕೆಂಪು ತೋರಿಸಲಿ. ತಿಂಗಳು ಮಾತ್ರ ಗೊತ್ತಿದ್ದರೆ ಆ ತಿಂಗಳ ಕೊನೆಯ ದಿನ ಎಂದು ಹಿಡಿಯಿರಿ. ಲೆಕ್ಕದ ಸೂತ್ರ ಬದಲಿಸಿದರೆ ಹಳೆಯ ದಾಖಲೆಗಳು ತಾವಾಗಿ ಬದಲಾಗುವುದಿಲ್ಲ, ರೆಡ್‌ಕ್ಯಾಪ್‌ನ ಡೇಟಾ ಕ್ವಾಲಿಟಿ ವಿಭಾಗದಲ್ಲಿ, ಲೆಕ್ಕದ ತಪ್ಪು ಹುಡುಕುವ ನಿಯಮ 'ಎಚ್' ಓಡಿಸಬೇಕು.

ಎಚ್ಚರಿಕೆ ಎಲ್ಲದಕ್ಕೂ ಕೂಗಬಾರದು. ಕೀಟೊಕೊನಜೋಲ್ ಶಾಂಪೂಗೂ ಕೆಂಪು ಬಂದರೆ, ವಾರ ಕಳೆಯುವುದರೊಳಗೆ ಕೋಆರ್ಡಿನೇಟರ್‌ಗಳು ಓದದೆ ಒತ್ತಿ ಮುಂದೆ ಹೋಗುವುದು ಕಲಿಯುತ್ತಾರೆ. ಮಾರ್ಗದ ಕಾಲಂ ಇರುವುದು ಇದಕ್ಕೇ. ಕೆಂಪು ಬಂದರೆ ಫಾರ್ಮಸಿಸ್ಟ್‌ಗೂ ಪ್ರಧಾನ ತನಿಖಾಧಿಕಾರಿಗೂ ಮೇಲ್ ಹೋಗುತ್ತದೆ, ಅವರಲ್ಲೊಬ್ಬರು ಸಹಿ ಹಾಕುವವರೆಗೆ ರಾಂಡಮೈಸೇಷನ್ ಫಾರ್ಮ್ (ರೋಗಿ ಯಾವ ಗುಂಪಿಗೆ ಎಂದು ಆರಿಸುವುದು) ತೆರೆಯುವುದಿಲ್ಲ. ಹಳದಿ ಎಚ್ಚರಿಕೆ ಫಾರ್ಮ್ ಮೇಲೆ ಮಾತ್ರ ಕಾಣುತ್ತದೆ, ಮೇಲ್ ಹೋಗುವುದಿಲ್ಲ.

ಕೋಷ್ಟಕದಲ್ಲಿಲ್ಲದ ಔಷಧ ಬಂದಾಗ ಮಾತ್ರ ಹೊರಗಿನ ಚೆಕರ್ ತೆರೆಯುತ್ತೇನೆ. ಟ್ರಯಲ್ ಔಷಧದ ಜಾಗದಲ್ಲಿ ಮಿಡಜೊಲಾಮ್ (ನಿದ್ದೆ ಬರಿಸುವ ಔಷಧ) ಎಂದು ಕೊಡುತ್ತೇನೆ, ಸಿವೈಪಿ3ಎ4ಗೆ ಅದೇ ಅಳತೆಗೋಲು. ನಿದ್ದೆ, ಮಂಪರಿನ ಎಚ್ಚರಿಕೆಗಳನ್ನು ಬಿಟ್ಟು ಕಿಣ್ವದ ಸಾಲು ಮಾತ್ರ ಓದಬೇಕು. ಔಷಧವನ್ನು ಜೀವಕೋಶದಿಂದ ಹೊರದೂಡುವ ಪಿ-ಗ್ಲೈಕೊಪ್ರೊಟೀನ್‌ನ ತಂಟೆ ಇದರಿಂದ ಗೊತ್ತಾಗದು.

ಇಷ್ಟೆಲ್ಲ ಕಟ್ಟಿದರೂ ಫಾರ್ಮ್‌ಗೆ ಬರದ ಔಷಧವನ್ನು ಫಾರ್ಮ್ ಹಿಡಿಯಲಾರದು. "ಬೇರೆ ಮಾತ್ರೆ ತಗೋತಿದ್ದೀರಾ?" ಅಂದರೆ "ಇಲ್ಲ" ಅನ್ನುತ್ತಾರೆ. ಹುಳುಕಡ್ಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೊಂಡ ಇಟ್ರಾಕೊನಜೋಲ್ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ಆದ್ದರಿಂದ ಪ್ರಶ್ನೆಗಳನ್ನೇ ಫಾರ್ಮ್‌ನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ: "ಅಮ್ಮ, ತುರಿಕೆಗೆ, ಹುಳುಕಡ್ಡಿಗೆ ಏನಾದ್ರೂ ನುಂಗಿದ್ರಾ? ಅಂಗಡಿಯಿಂದ ನೀವೇ ತಂದಿದ್ದು? ಹಿಪ್ಪಲಿ, ಮೆಣಸು ಹಾಕಿದ ಕಷಾಯ? ಚಕ್ಕೋತ ತಿಂತೀರಾ?" ದೇವನಹಳ್ಳಿ ಕಡೆಯವರಿಗೆ ಕೊನೆಯದನ್ನು ತಪ್ಪದೆ ಕೇಳಬೇಕು; ಗ್ರೇಪ್‌ಫ್ರೂಟ್‌ನಲ್ಲಿರುವ, ಈ ಕಿಣ್ವವನ್ನು ತಡೆಯುವ ಫ್ಯುರಾನೊಕೌಮರಿನ್ ಚಕ್ಕೋತದಲ್ಲೂ ಇದೆ.

ಶುರು ಮಾಡುವ ಮುಂಚೆ ನಕಲಿ ರೋಗಿಗಳನ್ನು ಹಾಕಿ ಪರೀಕ್ಷಿಸಿ. ಪ್ರತಿ ನಿಯಮಕ್ಕೆ ಕಾಯುವ ದಿನದ ಆಚೀಚೆ (14 ಇದ್ದರೆ 13, 14, 15ನೇ ದಿನದ) ಒಂದೊಂದು ದಾಖಲೆ, ತಾರೀಖು ಖಾಲಿ ಇರುವ ಒಂದು, ನಾಲ್ಕು ಔಷಧ ಸೇರಿದ ಮಾತ್ರೆಯ ಒಂದು. ಪ್ರೋಟೊಕಾಲ್ ತಿದ್ದುಪಡಿಯಾದಾಗ ಕೋಷ್ಟಕದ ಆವೃತ್ತಿ ಸಂಖ್ಯೆ ಬದಲಿಸಿ, ಆಗಲೇ ಸೇರಿದ ಎಲ್ಲರ ಔಷಧಪಟ್ಟಿಯ ಮೇಲೂ ಹೊಸ ನಿಯಮಗಳನ್ನು ಅದೇ ದಿನ ಓಡಿಸಿ.