ಬಾವಿ ತುಂಬಿದೆ, ಕರೆಂಟಿಲ್ಲ: ಜನರೇಟರ್‌ನಲ್ಲಿ ಪಂಪು ಓಡಿಸುವುದು ಹೇಗೆ?

ಆರಿದ್ರ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ. ಮೂರು ದಿನ ಕರೆಂಟಿಲ್ಲ. ಬಾವಿಯಲ್ಲಿ ನೀರು ಕಟ್ಟೆಯ ಹತ್ತಿರ ಬಂದಿರುತ್ತದೆ, ನಲ್ಲಿಯಲ್ಲಿ ಹನಿಯೂ ಇಲ್ಲ. ರಾಟೆ ತೆಗೆಸಿ ಬಾವಿಗೆ ಗ್ರಿಲ್ ಹಾಕಿಸಿಯಾಗಿದೆ, ಇನ್ನು ಸೇದುವುದೆಲ್ಲಿಂದ? ಪೆಟ್ರೋಲಿನ ಚಿಕ್ಕ ಜನರೇಟರ್ ಇದ್ದರೆ ಟ್ಯಾಂಕ್ ತುಂಬಿಸಿಕೊಳ್ಳಬಹುದು. ಆದರೆ ಸುಮ್ನೆ ಪ್ಲಗ್ ಚುಚ್ಚಿದರೆ ಆಗುವುದಿಲ್ಲ.

ಮೊದಲು ಮೋಟಾರಿನ ಮೇಲಿರುವ ತಗಡು ಓದಿ. ಎಷ್ಟು ಎಚ್‌ಪಿ, ಎಷ್ಟು ಆಂಪಿಯರ್, ಎಷ್ಟು ಫೇಸ್ ಎಂದು ಅದರಲ್ಲಿರುತ್ತದೆ. 1 ಎಚ್‌ಪಿ ಎಂದರೆ 746 ವ್ಯಾಟ್. ಇದು ಮೋಟಾರು ಕೊಡುವ ಶಕ್ತಿಯ ಲೆಕ್ಕ. ಅದು ಎಳೆದುಕೊಳ್ಳುವುದು 1,100 ವ್ಯಾಟಿನ ಆಸುಪಾಸು. ಹಾಗಾದರೆ 1,500 ವ್ಯಾಟಿನ ಜನರೇಟರ್ ಸಾಕಲ್ವಾ? ಸಾಲದು. ನಿಂತ ಮೋಟಾರು ತಿರುಗಲು ಶುರು ಮಾಡುವಾಗ ಒಂದೆರಡು ಸೆಕೆಂಡು ಮಾಮೂಲಿಗಿಂತ ಮೂರರಿಂದ ಆರು ಪಟ್ಟು ಕರೆಂಟು ಬೇಡುತ್ತದೆ. ಕೆಸರಲ್ಲಿ ಹೂತ ಜೀಪು ಕದಲುವ ತನಕವೇ ಕಷ್ಟ, ಆಮೇಲೆ ಸಲೀಸು. ಜನರೇಟರ್ ಚಿಕ್ಕದಾದರೆ ವೋಲ್ಟೇಜ್ ಕುಸಿಯುತ್ತದೆ, ಮೋಟಾರು ತಿರುಗದೆ ‘ಗುಂಯ್’ ಎನ್ನುತ್ತದೆ. ಆ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ‘ಈಗ ತಿರುಗಬಹುದು’ ಎಂದು ಕಾದು ನಾವು ಒಮ್ಮೆ ವೈಂಡಿಂಗ್ ಸುಟ್ಟುಕೊಂಡಿದ್ದೇವೆ. ಜನರೇಟರಿನ ಸಾಮರ್ಥ್ಯವನ್ನು ಕೆವಿಎ ಲೆಕ್ಕದಲ್ಲಿ ಹೇಳುತ್ತಾರೆ; ಅರ್ಧ ಎಚ್‌ಪಿಗೆ 2 ಕೆವಿಎ, 1 ಎಚ್‌ಪಿಗೆ 3 ಕೆವಿಎ ಇಟ್ಟುಕೊಳ್ಳುವುದು ಒಳ್ಳೆಯದು. ತೋಟದ ಮೂರು ಫೇಸಿನ ಮೋಟಾರಿಗೆ ಈ ಸಿಂಗಲ್ ಫೇಸ್ ಜನರೇಟರ್ ಆಗುವುದೇ ಇಲ್ಲ.

ಇನ್ನು ಜೋಡಣೆ. ಎರಡೂ ತುದಿಗೆ ಪ್ಲಗ್ ಹಾಕಿದ ವೈರ್ ಮಾಡಿಕೊಂಡು, ಮನೆಯ ಸಾಕೆಟ್ಟಿಗೇ ಜನರೇಟರ್ ಕರೆಂಟು ಕೊಡುವ ಉಪಾಯವನ್ನು ಯಾರಾದರೂ ಹೇಳಿಕೊಡುತ್ತಾರೆ. ಬೇಡವೇ ಬೇಡ. ಆ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) 11,000 ವೋಲ್ಟನ್ನು 230ಕ್ಕೆ ಇಳಿಸುವ ಹಾಗೆಯೇ, ಹಿಂದಿನಿಂದ ಬಂದ 230ನ್ನು 11,000ಕ್ಕೆ ಏರಿಸಲೂ ಬಲ್ಲದು. ಅತ್ತ ಲೈನ್‌ಮನ್ ಮಳೆಯಲ್ಲಿ ಕಂಬ ಹತ್ತಿ, ಲೈನ್ ಆಫ್ ಇದೆ ಎಂದುಕೊಂಡು ತಂತಿ ಹಿಡಿದಿರುತ್ತಾನೆ. ಮೇನ್ ಸ್ವಿಚ್ ಆಫ್ ಮಾಡುತ್ತೇವಲ್ಲ ಎನ್ನಬೇಡಿ. ಒಂದು ದಿನ ಮರೆತೇ ಮರೆಯುತ್ತೇವೆ. ಎಲೆಕ್ಟ್ರಿಷಿಯನ್ ಕರೆಸಿ ಪಂಪಿನ ಲೈನಿಗೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಮೇಲೆ ತಿರುಗಿಸಿದರೆ ಕಂಬದ ಕರೆಂಟು, ಕೆಳಗೆ ತಿರುಗಿಸಿದರೆ ಜನರೇಟರ್. ಎರಡೂ ಒಟ್ಟಿಗೆ ಸೇರುವ ಪ್ರಶ್ನೆಯೇ ಇಲ್ಲ. ಅರ್ತಿಂಗ್ ಕೂಡ ಅವರ ಕೈಲೇ ಮಾಡಿಸಿ. ವೈರ್ 2.5 ಚದರ ಮಿ.ಮೀ. ತಾಮ್ರದ್ದಿರಲಿ, ಬಾವಿ ದೂರ ಇದ್ದರೆ 4.

ಮಳೆಗೆ ನೆನೆಯುತ್ತದೆಂದು ಜನರೇಟರನ್ನು ಜಗಲಿಗೋ ಕೊಟ್ಟಿಗೆಗೋ ತರುವುದು ಇನ್ನೊಂದು ತಪ್ಪು. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಆ ವಿಷಕ್ಕೆ ವಾಸನೆಯೇ ಇಲ್ಲ, ಮನುಷ್ಯರನ್ನೂ ದನವನ್ನೂ ಕೊಲ್ಲುತ್ತದೆ. ಅಂಗಳದಾಚೆ, ಕಿಟಕಿ ಬಾಗಿಲಿಗೆ ದೂರ, ನಾಲ್ಕು ಕಡೆಯೂ ತೆರೆದ ಒಂದು ತಗಡಿನ ಮಾಡು ಕಟ್ಟಿ. ನೆಲ ಒಣಗಿರಬೇಕು.

ಓಡಿಸುವ ದಿನ ಎಂಜಿನ್ ಆಯಿಲ್ ನೋಡಿ, ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಖಾಲಿ ಓಡಲು ಬಿಡಿ. ದಡದ ಮೇಲಿನ ಪಂಪಾದರೆ ಅದಕ್ಕೆ ನೀರು ತುಂಬಿ ಗಾಳಿ ತೆಗೆಯಿರಿ. ಮೇಲೆ ಹೋಗುವ ಪೈಪಿನ ಗೇಟ್ ವಾಲ್ವನ್ನು ಮುಕ್ಕಾಲು ಮುಚ್ಚಿ ಪಂಪು ಆನ್ ಮಾಡಿ. ನೀರು ಎತ್ತುವ ಹೊರೆ ಕಡಿಮೆಯಾಗಿ ಮೋಟಾರು ಬೇಗ ವೇಗ ಹಿಡಿಯುತ್ತದೆ. ಆಮೇಲೆ ನಿಧಾನವಾಗಿ ವಾಲ್ವ್ ತೆರೆಯಿರಿ. ಫ್ರಿಜ್ಜು, ಮಿಕ್ಸಿ ಎಲ್ಲ ಟ್ಯಾಂಕ್ ತುಂಬಿದ ಮೇಲೆ.

ನಿಲ್ಲಿಸುವಾಗ ಮೊದಲು ಪಂಪು, ಒಂದೆರಡು ನಿಮಿಷ ಬಿಟ್ಟು ಎಂಜಿನ್. ಬಿಸಿ ಎಂಜಿನ್‌ಗೆ ಪೆಟ್ರೋಲ್ ಹಾಕಬೇಡಿ. ದೀಪಾವಳಿ ಹೊತ್ತಿಗೆ ಜನರೇಟರ್ ಟ್ಯಾಂಕಿನ ಪೆಟ್ರೋಲನ್ನೂ ಕಾರ್ಬುರೇಟರಿನದ್ದನ್ನೂ ಬಸಿದು ಬೈಕಿಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ಅದು ಅಲ್ಲೇ ಕೆಟ್ಟು, ಮುಂದಿನ ಆರಿದ್ರಕ್ಕೆ ಹಗ್ಗ ಎಳೆದೂ ಎಳೆದೂ ತೋಳು ಬೀಳುತ್ತದೆ.